ಒಲೆಯ ಬೆಂಕಿಗೆ ಎಷ್ಟು ಬೆಲೆ?

ಪೆಟ್ರೋಲಿನ ಬೆಲೆ ಲೀಟರಿಗೆ ಒಂದೆರಡು ರೂಪಾಯಿ ಏರಿದ ದಿನ ನಮ್ಮ ಬಸ್ ನಿಲ್ದಾಣಗಳಲ್ಲಿ, ಅಂಗಡಿ ಜಗಲಿಗಳಲ್ಲಿ, ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಅದರದೇ ಮಾತು. ವಾಹನವಿದ್ದವರು ಮಾತನಾಡುತ್ತಾರೆ, ಪತ್ರಿಕೆಗಳು ಬರೆಯುತ್ತವೆ, ಶಾಸನಸಭೆಗಳಲ್ಲಿ ಗದ್ದಲವೂ ಆಗುತ್ತದೆ. ಆದರೆ ಮನೆಯ ಹಿಂಬದಿಯಲ್ಲಿ ಉರಿಯುವ ಒಲೆಗೂ ಒಂದು ಇಂಧನ ಬೇಕು, ಅದಕ್ಕೂ ಒಂದು ಬೆಲೆಯಿದೆ, ಆ ಬೆಲೆಗೂ ಒಂದು ಚರಿತ್ರೆಯಿದೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಇಂದು ಪರಿಸರಸ್ನೇಹಿ ಬದುಕು, ಹಸಿರು ಇಂಧನ ಮುಂತಾದ ಮಾತುಗಳು ಎಲ್ಲೆಡೆ ಕೇಳಿಬರುತ್ತಿರುವಾಗ ಆ ಚರಿತ್ರೆಯ ಕೆಲವು ಪುಟಗಳನ್ನು ನಿಮ್ಮೊಡನೆ ತಿರುವಿಹಾಕುವುದು ಈ ಬರಹದ ಉದ್ದೇಶ.

ನನ್ನ ಬಾಲ್ಯದ ಮನೆಯಲ್ಲಿ ಒಲೆಗೆ ಹಣ ಕೊಟ್ಟು ಕೊಂಡದ್ದು ಬಹಳ ಕಡಿಮೆ. ತೆಂಗಿನ ಮಡಲು, ಕೊತ್ತಳಿಗೆ, ಗೆರಟೆ, ಗುಡ್ಡದಿಂದ ತಂದ ಸೊಪ್ಪು ಸೌದೆ, ಇಷ್ಟೇ. ಮಳೆಗಾಲದ ಮೂರು ತಿಂಗಳು ಹಸಿ ಸೌದೆ ಉರಿಯದೆ ಊದುಕೊಳವೆ ಹಿಡಿದು ಕಣ್ಣೀರಿಡುತ್ತಿದ್ದ ತಾಯಂದಿರನ್ನು ನೀವೂ ಕಂಡಿರಬಹುದು. ಸೌದೆಗೆ ಬೆಲೆಯಿಲ್ಲ ಎಂದು ನಾವು ಭಾವಿಸಿದ್ದೆವು. ಅದು ಎಷ್ಟು ತಪ್ಪಾದ ಲೆಕ್ಕವೆಂದು ಮೊದಲಿಗೆ ಅಳೆದು ತೂಗಿ ತೋರಿಸಿದವರು ನಮ್ಮ ರಾಜ್ಯದವರೇ.

ಬೆಂಗಳೂರಿನಲ್ಲಿ 1930ರಲ್ಲಿ ಜನಿಸಿದ ಅಮೂಲ್ಯ ರೆಡ್ಡಿಯವರು ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತೇ ಓದುವ ಪಠ್ಯಪುಸ್ತಕವನ್ನು ರಚಿಸಿದ ವಿದ್ವಾಂಸರಲ್ಲಿ ಒಬ್ಬರು. ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾಗಿದ್ದ ಅವರು 1974ರಲ್ಲಿ ಕೆಲವು ಸಹೋದ್ಯೋಗಿಗಳೊಡನೆ ಕೂಡಿ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಹಳ್ಳಿಗಳ ಬದುಕಿಗೆ ಅನ್ವಯಿಸುವುದು ಅದರ ಗುರಿ. ಆ ವರ್ಷವೇ ಗಮನಾರ್ಹವಾದುದು. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ಬೆನ್ನಲ್ಲಿ, ಪೀಪಾಯಿಗೆ ಮೂರು ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಿನಷ್ಟಾಗಿತ್ತು. ದೇಶವಿಡೀ ತೈಲದ ಚಿಂತೆಯಲ್ಲಿ ಮುಳುಗಿದ್ದಾಗ ಈ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದ ಸುತ್ತಲಿನ ಹಳ್ಳಿಗಳಿಗೆ ಹೋಗಿ, ಇಲ್ಲಿನ ಜನ ಯಾವ ಶಕ್ತಿಯಿಂದ ಬದುಕುತ್ತಿದ್ದಾರೆ ಎಂದು ಮನೆಮನೆಯಲ್ಲಿ ಕೇಳಿದರು.

ದೊರೆತ ಉತ್ತರ ತೈಲವಲ್ಲ, ವಿದ್ಯುತ್ತೂ ಅಲ್ಲ, ಸೌದೆ. ಹಳ್ಳಿಯ ಒಟ್ಟು ಶಕ್ತಿಬಳಕೆಯಲ್ಲಿ ಸಿಂಹಪಾಲು ಸೌದೆಯದು, ಅದರಲ್ಲಿ ಬಹುಪಾಲು ಅಡಿಗೆಗೆ. ಕೊಂಡ ಸೌದೆ ತೀರಾ ಅಲ್ಪ, ಉಳಿದದ್ದೆಲ್ಲ ಆಯ್ದು ತಂದದ್ದು. ಹಾಗೆ ಆಯ್ದು ತರಲು ಒಂದು ಮನೆಯವರು ಸರಾಸರಿ ದಿನಕ್ಕೆ ಎರಡೂವರೆ ಗಂಟೆ ವ್ಯಯಿಸುತ್ತಿದ್ದರು, ಐದು ಕಿಲೋಮೀಟರಿನಷ್ಟು ನಡೆಯುತ್ತಿದ್ದರು. ನಡೆದವರಲ್ಲಿ ಹೆಚ್ಚಿನವರು ಹೆಂಗಸರು, ಅವರ ಹಿಂದೆ ಮಕ್ಕಳು. ಪುಕ್ಕಟೆಯೆಂದು ನಾವು ಕರೆಯುತ್ತಿದ್ದ ಬೆಂಕಿಗೆ ಹಣದ ಬದಲು ಗಂಟೆಗಳಲ್ಲಿ ಬೆಲೆ ತೆರಲಾಗುತ್ತಿತ್ತು. ಶಾಲೆಗೆ ಹೋಗಬೇಕಿದ್ದ ಹುಡುಗಿಯ ತಲೆಯ ಮೇಲೆ ಆ ಬೆಲೆಯ ಒಂದು ಪಾಲು ಇತ್ತು.

ಇದು ಹಳ್ಳಿಯ ಮಾತಾಯಿತು. ಪೇಟೆಯಲ್ಲಿ ಸೌದೆಯನ್ನು ದುಡ್ಡು ಕೊಟ್ಟೇ ತರಬೇಕು. ಸೌದೆ ಡಿಪೋಗಳ ತಕ್ಕಡಿಗಳನ್ನು ನೆನೆಯುವ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ರೆಡ್ಡಿಯವರು ಬಿ. ಸುಧಾಕರ ರೆಡ್ಡಿಯವರೊಡನೆ ಸೇರಿ ಬೆಂಗಳೂರಿನ ಸೌದೆಯ ಬಗೆಗೆ ನಡೆಸಿದ ಅಧ್ಯಯನವೊಂದು 1983ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೂರು ಕಿಲೋಮೀಟರಿಗೂ ದೂರದ ಕಾಡುಗಳಿಂದ, ತೋಪುಗಳಿಂದ, ಡೀಸೆಲ್ ಕುಡಿಯುವ ಲಾರಿಗಳಲ್ಲಿ ಸೌದೆ ರಾಜಧಾನಿಗೆ ಬರುತ್ತಿತ್ತು. ಅದನ್ನು ಉರಿಸುತ್ತಿದ್ದವರು ಮುಖ್ಯವಾಗಿ ಬಡವರು. ಕೈಯಲ್ಲಿ ನಾಲ್ಕು ಕಾಸು ಓಡಾಡಿದಂತೆ ಕುಟುಂಬಗಳು ಸೀಮೆಎಣ್ಣೆಯ ಸ್ಟೌವಿಗೆ, ಅನಂತರ ಗ್ಯಾಸಿಗೆ ಏರುತ್ತಿದ್ದವು. ಇಲ್ಲಿಯವರೆಗೆ ಆಶ್ಚರ್ಯವೇನೂ ಇಲ್ಲ. ಆದರೆ ಪಾತ್ರೆಗೆ ನಿಜವಾಗಿ ತಲುಪುವ ಶಾಖದ ಲೆಕ್ಕದಲ್ಲಿ ನೋಡಿದರೆ, ಅದೇ ಅನ್ನ ಬೇಯಿಸಲು ಬಡವನು ಕೊಡುತ್ತಿದ್ದ ಬೆಲೆ ಸಿರಿವಂತನು ಕೊಡುತ್ತಿದ್ದ ಬೆಲೆಗಿಂತ ಹೆಚ್ಚಾಗಿತ್ತು!

ಇದು ಹೇಗೆಂದು ನೀವು ಕೇಳಬಹುದು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ಹೋದರೆ ಹೆಚ್ಚು; ಉಳಿದ ಒಂಬತ್ತು ಪಾಲು ಗೋಡೆಗೆ, ಗಾಳಿಗೆ, ಅಡಿಗೆ ಮಾಡುವವಳ ಮುಖಕ್ಕೆ. ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾತ್ರೆಗೇ ಸಲ್ಲುತ್ತದೆ. ಮೇಲಾಗಿ ಗ್ಯಾಸಿಗೆ ಆಗ ಸರಕಾರದ ರಿಯಾಯಿತಿಯೂ ಇತ್ತು. ಹೀಗಿದ್ದೂ ಬಡವನು ಗ್ಯಾಸಿಗೆ ಏಕೆ ಹೋಗಲಿಲ್ಲ? ಠೇವಣಿ, ರೆಗ್ಯುಲೇಟರು, ಒಲೆ, ಮೊದಲ ಸಿಲಿಂಡರು, ಇವೆಲ್ಲಕ್ಕೂ ಒಂದೇ ದಿನ ಒಟ್ಟಿಗೆ ಹಣ ಎಣಿಸಬೇಕಿತ್ತು. ಸೌದೆಯನ್ನಾದರೋ ಸಂಜೆ ಕೂಲಿ ಸಿಕ್ಕಮೇಲೆ ಎರಡು ಕಿಲೋ ತರಬಹುದು.

ನಮ್ಮ ಭಾಷೆಯಲ್ಲಿ ಬಿಡಿ, ಇಡಿ ಎಂಬ ಎರಡು ಸಣ್ಣ ಪದಗಳಿವೆ. ಇಡಿಯಾಗಿ ಕೊಳ್ಳಬಲ್ಲವನಿಗೆ ವಸ್ತು ಅಗ್ಗ. ಬಿಡಿಬಿಡಿಯಾಗಿ ಕೊಳ್ಳುವವನಿಗೆ ತುಟ್ಟಿ. ಬೇಳೆ, ಸಾಬೂನುಗಳಿಗೆ ಸಲ್ಲುವ ಈ ಮಾತು ಬೆಂಕಿಗೂ ಸಲ್ಲುತ್ತದೆ. ಹೊಗೆಯಿಲ್ಲದ ಇಂಧನಗಳೆಲ್ಲವೂ ಹೊಸ್ತಿಲಲ್ಲೇ ಇಡಿ ಬೆಲೆಯನ್ನು ಕೇಳುತ್ತವೆ; ಹೊಗೆಯ ಇಂಧನಗಳು ಬಿಡಿಯಾಗಿ ಸಿಗುತ್ತವೆ. ನನ್ನ ಮಟ್ಟಿಗೆ ಹೇಳುವುದಾದರೆ, ಕಳೆದ ನೂರು ವರ್ಷಗಳ ನಮ್ಮ ಅಡಿಗೆಮನೆಯ ಇತಿಹಾಸವೆಲ್ಲ ಈ ಒಂದು ವ್ಯತ್ಯಾಸದ ಸುತ್ತ ಸುತ್ತುತ್ತದೆ.

ಸೀಮೆಎಣ್ಣೆಯನ್ನೇ ತೆಗೆದುಕೊಳ್ಳಿ. ಸೀಮೆಸುಣ್ಣ, ಸೀಮೆಬದನೆಗಳಂತೆ ಇದು ಕೂಡ ಕಡಲಾಚೆಯ ಸೀಮೆಯಿಂದ ಬಂದದ್ದೆಂದು ಹೆಸರೇ ಸಾರುತ್ತದೆ. ಕರಾವಳಿಯ ಕೆಲವರಿಗೆ ಅದು ಚಿಮಿಣಿ ಎಣ್ಣೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹರಳೆಣ್ಣೆ, ಹೊಂಗೆಯೆಣ್ಣೆಯ ಹಣತೆಗಳನ್ನು ಬದಿಗೆ ಸರಿಸಿ ಅದು ಮನೆಗಳನ್ನು ಹೊಕ್ಕಿತು. 1928ರಲ್ಲಿ ಬರ್ಮಾ ಶೆಲ್ ಸಂಸ್ಥೆಯು ರೂಪುಗೊಂಡ ಮೇಲೆ ರೈಲು, ಎತ್ತಿನ ಗಾಡಿ, ದೋಣಿಗಳ ಮೂಲಕ ತಗಡಿನ ಡಬ್ಬಗಳಲ್ಲಿ ಮೂಲೆ ಮೂಲೆಯ ಹಳ್ಳಿಗೂ ಸರಬರಾಜಾಯಿತು. ಎಣ್ಣೆ ಮುಗಿದರೂ ಡಬ್ಬ ಮುಗಿಯುತ್ತಿರಲಿಲ್ಲ. ಅಕ್ಕಿ ತುಂಬಲು, ನೀರು ಸೇದಲು, ಕೊನೆಗೆ ಕೊಟ್ಟಿಗೆಯ ಮಾಡಿಗೆ ಅದು ಬೇಕಾಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ಜಪಾನೀಯರ ವಶವಾದಾಗ ಇಲ್ಲಿನ ಮನೆಗಳ ದೀಪಕ್ಕೆ ಎಣ್ಣೆಯ ಬರ ಬಂದಿತು. ಆದರೂ ಸೀಮೆಎಣ್ಣೆಯ ಗೆಲುವಿನ ಗುಟ್ಟು ಇಷ್ಟೇ: ಕಾಲು ಕುಪ್ಪಿಯಷ್ಟನ್ನು ಕೂಡ ಅಂಗಡಿಯವನು ಅಳೆದು ಕೊಡುತ್ತಿದ್ದ. ಕೊಂಡೊಯ್ಯಲು ಕುತ್ತಿಗೆಗೆ ಹಗ್ಗ ಕಟ್ಟಿದ ಒಂದು ಸೀಸೆ ಸಾಕು.

ಸ್ವಾತಂತ್ರ್ಯಾನಂತರ ಅದು ಪಡಿತರ ಅಂಗಡಿಯ ವಸ್ತುವಾಯಿತು, ಬಡವರ ಇಂಧನವೆಂದು ಸರಕಾರಗಳು ಅದರ ಬೆಲೆ ಮುಟ್ಟಲು ಹೆದರಿದವು. 2002ರಿಂದ 2010ರವರೆಗೆ ಪಡಿತರ ಸೀಮೆಎಣ್ಣೆಯ ಬೆಲೆ ಲೀಟರಿಗೆ ಒಂಬತ್ತು ರೂಪಾಯಿಯ ಆಸುಪಾಸಿನಲ್ಲೇ ನಿಂತಿತ್ತು. ಡೀಸೆಲ್ ಅದಕ್ಕಿಂತ ಬಹಳ ದುಬಾರಿಯಾದ್ದರಿಂದ ಬಡವನ ಪಾಲಿನ ಎಣ್ಣೆಯಲ್ಲಿ ಎಷ್ಟೋ ಭಾಗ ಕಲಬೆರಕೆಗಾಗಿ ಲಾರಿಗಳ ಟ್ಯಾಂಕು ಸೇರಿತೆಂಬುದು ಎಲ್ಲರೂ ಬಲ್ಲ ಸಂಗತಿ. 2016ರ ಜುಲೈಯಿಂದ ತಿಂಗಳಿಗೆ 25 ಪೈಸೆ, ಆಮೇಲೆ ಹದಿನೈದು ದಿನಕ್ಕೊಮ್ಮೆ 25 ಪೈಸೆ, ಹೀಗೆ ಯಾರಿಗೂ ತಿಳಿಯದಂತೆ ಬೆಲೆಯೇರಿಸುತ್ತಾ ಹೋಗಿ 2020ರ ಹೊತ್ತಿಗೆ ರಿಯಾಯಿತಿಯನ್ನು ಶೂನ್ಯಕ್ಕೆ ತರಲಾಯಿತು. ಪೆಟ್ರೋಲಿಗಾದರೆ ಬಂದ್ ನಡೆಯುತ್ತಿತ್ತು. ಸೀಮೆಎಣ್ಣೆ ಸದ್ದಿಲ್ಲದೆ ಹೊರಟುಹೋಯಿತು.

ಮತ್ತೆ ಕುಣಿಗಲ್ ತಾಲ್ಲೂಕಿಗೆ ಬರೋಣ. ಸೌದೆಯನ್ನು ಬಿಡಿಸಲಾಗದಿದ್ದರೆ ಸೌದೆಯನ್ನು ಉಳಿಸುವ ಒಲೆಯನ್ನಾದರೂ ಕೊಡೋಣವೆಂದು ‘ಅಸ್ತ್ರ’ದವರು ಮಣ್ಣಿನದೇ ಆದ, ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ, ಹೊಗೆಕೊಳವೆಯುಳ್ಳ ಒಲೆಯೊಂದನ್ನು ಸಿದ್ಧಪಡಿಸಿದರು. ‘ಅಸ್ತ್ರ ಒಲೆ’ ಎಂದೇ ಅದು ಹೆಸರಾಯಿತು. ಪ್ರಯೋಗಶಾಲೆಯ ಅಳತೆಯಲ್ಲಿ ಅದು ಹಳೆಯ ಒಲೆಗಿಂತ ಮೂರು ನಾಲ್ಕು ಪಟ್ಟು ಸಮರ್ಥವಾಗಿತ್ತು. ಹಳ್ಳಿಯ ಮನೆಯಲ್ಲಿ ಅಷ್ಟಿಲ್ಲದಿದ್ದರೂ ಸೌದೆಯ ಉಳಿತಾಯ ಕಣ್ಣಿಗೆ ಕಾಣುವಂತಿತ್ತು. 1980ರ ದಶಕದಲ್ಲಿ ಕರ್ನಾಟಕದ ಅನೇಕ ಮನೆಗಳಲ್ಲಿ ಈ ಒಲೆ ಬಂತು. ಕೇಂದ್ರ ಸರಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು 1983ರ ಕೊನೆಯಲ್ಲಿ ಕೈಗೆತ್ತಿಕೊಂಡು, 2002ರಲ್ಲಿ ಅದನ್ನು ನಿಲ್ಲಿಸುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಮಿಕ್ಕಿ ಒಲೆಗಳನ್ನು ಹಂಚಿತ್ತು. ಹಂಚಿದ ಲೆಕ್ಕ ಕಡತದಲ್ಲಿ ಉಳಿಯಿತು, ಒಲೆಗಳು ಬಹಳ ಕಡೆ ಉಳಿಯಲಿಲ್ಲ. ಬಿರುಕು ಬಿಟ್ಟ ಒಲೆಯನ್ನು ಸರಿಪಡಿಸುವವರು ಯಾರು? ಮಸಿ ಕಟ್ಟಿದ ಕೊಳವೆಯನ್ನು ತೆಗೆದು ತೊಳೆಯುವವರು ಯಾರು? ಗುರಿ ತಲುಪುವ ಆತುರದಲ್ಲಿ ಈ ಪ್ರಶ್ನೆಗಳನ್ನು ಯಾರೂ ಕೇಳಿಕೊಳ್ಳಲಿಲ್ಲವೆಂದು ತೋರುತ್ತದೆ. ಹಬ್ಬಕ್ಕೆ ಬಂದ ದೊಡ್ಡ ಪಾತ್ರೆ ಕೂರದ ಒಲೆ ಎಷ್ಟು ವೈಜ್ಞಾನಿಕವಾದರೇನು?

ಗೋಬರ್ ಗ್ಯಾಸ್ ಇನ್ನೊಂದು ಕಥೆ. ಉತ್ತರ ಕನ್ನಡದ ಶಿರಸಿಯ ಕಡೆ ಅಡಿಕೆ ತೋಟದ ಮನೆಗಳಲ್ಲಿ ಅದು ಎಷ್ಟು ಚೆನ್ನಾಗಿ ಬೇರೂರಿತೆಂದರೆ, ಅದನ್ನು ನೋಡಲು ಬಂದ ಸಂಶೋಧಕರು ಕೆಟ್ಟುನಿಂತ ಸ್ಥಾವರಗಳನ್ನು ಹುಡುಕಬೇಕಾಯಿತು. ಆದರೆ ಅದಕ್ಕೆ ಕೊಟ್ಟಿಗೆ ತುಂಬ ಜಾನುವಾರು, ಹಿತ್ತಿಲಲ್ಲಿ ಸ್ವಂತ ಜಾಗ, ಗುಂಡಿ ಕಟ್ಟಿಸಲು ಗಂಟು, ಈ ಮೂರೂ ಬೇಕು. ಮೂರೂ ಇಲ್ಲದವನಿಗೆ ಸಗಣಿಯ ಬೆರಣಿಯೇ ಗತಿ.

ಈ ತೊಡಕನ್ನು ಬಿಡಿಸುವ ಪ್ರಯತ್ನ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ನಡೆಯಿತು. ಊರಿಗೆಲ್ಲ ಸೇರಿ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಎಲ್ಲರ ಒಲೆಗೂ ಅನಿಲ ಕೊಡಬೇಕೆಂಬುದು ಮೂಲ ಆಲೋಚನೆ. ಸಗಣಿ ಸಾಲದೆ ಅದು ಕೈಗೂಡಲಿಲ್ಲ. ವಿಜ್ಞಾನಿಗಳು ಪೆಚ್ಚಾಗಿ ಹಿಂದಿರುಗಬಹುದಿತ್ತು. ಬದಲಾಗಿ ಅವರು ಊರವರನ್ನೇ ಕೇಳಿದರು. ಊರವರು ತಮಗೆ ಮೊದಲು ಬೇಕಾದದ್ದು ಕುಡಿಯುವ ನೀರು ಎಂದರು. ಅನಿಲದಿಂದ ಯಂತ್ರ ನಡೆಸಿ, ವಿದ್ಯುತ್ತು ಹುಟ್ಟಿಸಿ, 1987ರ ಸುಮಾರಿಗೆ ನಲ್ಲಿಗಳಿಗೆ ನೀರನ್ನೂ ಮನೆಗಳಿಗೆ ದೀಪವನ್ನೂ ಕೊಡಲಾಯಿತು. ಸಗಣಿ ತಂದವರಿಗೆ ಕಿಲೋ ಒಂದಕ್ಕೆ ಎರಡು ಪೈಸೆ, ಜೊತೆಗೆ ಅನಿಲ ತೆಗೆದ ಮೇಲಿನ ಗೊಬ್ಬರ ಮರಳಿ ಅವರಿಗೇ. ಬುಟ್ಟಿ ಹೊತ್ತವರು ಬಹುತೇಕ ಹೆಂಗಸರು ಮಕ್ಕಳು. ಆ ಚಿಲ್ಲರೆ ಅವರ ಕೈಗೇ ಬರುತ್ತಿತ್ತು. ಸುಮಾರು ಹತ್ತು ವರ್ಷ ಅದು ನಡೆಯಿತು. ಒಲೆಯ ಸಮಸ್ಯೆ ಮಾತ್ರ ಅಲ್ಲಿಯೂ ಬಗೆಹರಿಯಲಿಲ್ಲವೆಂಬುದನ್ನು ಮರೆಮಾಚಬಾರದು.

ಬಿಡಿಯಾಗಿ ಬದುಕುವವರಿಗೆ ಇಡಿ ಬೆಲೆಯ ವಸ್ತುವನ್ನು ತಲುಪಿಸುವುದು ಹೇಗೆ? ಇದಕ್ಕೊಂದು ಉತ್ತರವನ್ನು ನಮ್ಮ ಕರಾವಳಿ ವಿದ್ಯುತ್ ದೀಪ ಕಾಣುವ ಮೊದಲೇ ಕಂಡುಕೊಂಡಿತ್ತು. ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈಯವರು, ಕಷ್ಟಕ್ಕೆ ಸಿಲುಕಿದ್ದ ನೇಕಾರರಿಗೆ ನೆರವಾಗಲೆಂದು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆಯನ್ನು ತೆರೆದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಬ್ಯಾಂಕಿನ ಪ್ರತಿನಿಧಿಯು ಪ್ರತಿದಿನ ಮನೆಬಾಗಿಲಿಗೆ ಬಂದು ಕನಿಷ್ಠ ಎರಡಾಣೆ ಪಡೆದು ಚೀಟಿಯಲ್ಲಿ ಗುರುತು ಹಾಕುತ್ತಿದ್ದ. ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ಮೀನು ಮಾರುವವಳಿಗೆ, ಬೀಡಿ ಕಟ್ಟುವವಳಿಗೆ ಒಂದೇ ಸಲ ಮೂರು ಮುಕ್ಕಾಲು ರೂಪಾಯಿ ತೆಗೆದಿಡುವುದು ಆಗದ ಮಾತು, ಎರಡಾಣೆಯಾದರೆ ಆದೀತು. ಬರ್ಮಾ ಶೆಲ್ ಹುಟ್ಟಿದ ವರ್ಷವೂ ಅದೇ ಎಂಬುದು ಕೇವಲ ಕಾಕತಾಳೀಯವಾದರೂ ನನಗೆ ಅದನ್ನು ಇಲ್ಲಿ ಹೇಳದಿರಲಾಗಲಿಲ್ಲ: ಒಬ್ಬರು ಬಿಡಿಯಾಗಿ ಮಾರಲು ಹೊರಟರು, ಇನ್ನೊಬ್ಬರು ಬಿಡಿಯನ್ನು ಇಡಿಯಾಗಿಸಲು ಹೊರಟರು.

ಎರಡಾಣೆಯ ಆ ಪಾಠ ಏಳು ದಶಕಗಳ ತರುವಾಯ ಬೇರೊಂದು ರೂಪದಲ್ಲಿ ಮರಳಿತು. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆಯು ಕರ್ನಾಟಕದ ಹಳ್ಳಿಗಳಿಗೆ ಸೌರದೀಪ ಮಾರಲು ಹೊರಟಾಗ, ಬಡವರು ಸೌರಶಕ್ತಿಯನ್ನು ಕೊಳ್ಳಲಾರರು ಎಂಬುದೇ ಎಲ್ಲರ ಅಭಿಪ್ರಾಯವಾಗಿತ್ತು. ಬೀದಿವ್ಯಾಪಾರಿಯೊಬ್ಬರು ತಿಂಗಳಿಗೆ 300 ರೂಪಾಯಿ ತಮಗೆ ದುಬಾರಿಯೆಂದೂ ದಿನಕ್ಕೆ 10 ರೂಪಾಯಿಯಾದರೆ ಸರಿಯೆಂದೂ ಹೇಳಿದ್ದನ್ನು ಹಂದೆಯವರು ಅನೇಕ ವೇದಿಕೆಗಳಲ್ಲಿ ಸ್ಮರಿಸಿದ್ದಾರೆ. ಗಣಿತದ ಮೇಷ್ಟ್ರಿಗೆ ಎರಡೂ ಒಂದೇ. ದಿನಗೂಲಿಯವನಿಗೆ ಒಂದೇ ಅಲ್ಲ. ಅದುವರೆಗೆ ಸೀಮೆಎಣ್ಣೆಗೆ ಕೊಡುತ್ತಿದ್ದ ಹಣವೇ ಸಾಲದ ಕಂತಾಗುವಂತೆ ಬ್ಯಾಂಕುಗಳನ್ನು ಒಪ್ಪಿಸುವುದು ಸಂಸ್ಥೆಯ ದೊಡ್ಡ ಕೆಲಸವಾಯಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳೊಡನೆ ಸೇರಿ, ಸೌರದೀಪದ ಸಾಲದ ಬಡ್ಡಿಯನ್ನು ಆರಂಭದಲ್ಲಿ ಶೇಕಡಾ ಐದರಷ್ಟಕ್ಕೆ ಇಳಿಸುವ ಯೋಜನೆಯನ್ನು ಕರ್ನಾಟಕದಲ್ಲಿ ನಡೆಸಿತು. ಸಾವಿರಾರು ಮನೆಗಳಿಗೆ ಬೆಳಕು ಬಂತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಆ ಎರಡು ಬ್ಯಾಂಕುಗಳು 2020ರ ಏಪ್ರಿಲಿನಲ್ಲಿ ಒಂದಾದವು. ಉಡುಪಿಯ ಹೆಸರು ಫಲಕದಿಂದ ಅಳಿಯಿತೆಂದು ಅನೇಕರು ನೊಂದುಕೊಂಡದ್ದು ನಿಮಗೆ ನೆನಪಿರಬಹುದು.

ದೀಪದಲ್ಲಿ ಸಾಧ್ಯವಾದದ್ದು ಒಲೆಯಲ್ಲಿ ಏಕೆ ಸಾಧ್ಯವಾಗಲಿಲ್ಲ? ಗ್ಯಾಸಿನ ಇತಿಹಾಸವನ್ನು ತುಸು ನೋಡೋಣ. ಬರ್ಮಾ ಶೆಲ್‌ನವರು ಮುಂಬಯಿಯಲ್ಲಿ 1955ರಲ್ಲಿ ಅಡಿಗೆ ಅನಿಲವನ್ನು ಪರಿಚಯಿಸಿದರು. ಇಂಡೇನ್‌ನ ಮೊದಲ ಸಂಪರ್ಕ ಕಲ್ಕತ್ತೆಯಲ್ಲಿ 1965ರಲ್ಲಿ. ಆಮೇಲೆ ಸುಮಾರು ಮೂರು ದಶಕ ಅದು ಪೇಟೆಯ ಅನುಕೂಲಸ್ಥರ ವಸ್ತು. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸಂಸದರ ಶಿಫಾರಸಿನ ಕೂಪನ್ ದೊರೆತವರು ಭಾಗ್ಯವಂತರು. ಮದುವೆಯ ಉಡುಗೊರೆಯಾಗಿ ಗ್ಯಾಸ್ ಸಂಪರ್ಕವನ್ನು ವರ್ಗಾಯಿಸಿಕೊಟ್ಟ ಮಾವನೊಬ್ಬರ ಔದಾರ್ಯವನ್ನು ನಮ್ಮ ಬಂಧುವರ್ಗದಲ್ಲಿ ಬಹುಕಾಲ ಹೊಗಳುತ್ತಿದ್ದರು. ಈ ಅವಧಿಯುದ್ದಕ್ಕೂ ಸಿಲಿಂಡರಿಗೆ ರಿಯಾಯಿತಿ ಕೊಟ್ಟದ್ದು ಸರಕಾರ. ಎಂದರೆ, ಸೌದೆ ಹೊರುವವಳೂ ಕಟ್ಟಿದ ತೆರಿಗೆಯಿಂದ ನಮ್ಮಂಥವರ ಒಲೆ ಉರಿಯಿತು. 2012ರ ಸೆಪ್ಟೆಂಬರಿನಲ್ಲಿ ರಿಯಾಯಿತಿಯ ಸಿಲಿಂಡರುಗಳನ್ನು ವರ್ಷಕ್ಕೆ ಆರಕ್ಕೆ ಮಿತಿಗೊಳಿಸಿದಾಗ ನಾವೆಷ್ಟು ಗೊಣಗಿದೆವು! ಮರುವರ್ಷ ಅದು ಒಂಬತ್ತಾಯಿತು, 2014ರಲ್ಲಿ ಹನ್ನೆರಡಾಯಿತು. ಗೊಣಗುವವರ ದನಿ ದೆಹಲಿಗೆ ಕೇಳುತ್ತದೆ.

ಬಿಡಿಯಾಗಿ ಕೊಳ್ಳುವವರಿಗಾಗಿ ಐದು ಕಿಲೋದ ಪುಟ್ಟ ಸಿಲಿಂಡರು ಕೂಡ ಬಂತು. 2013ರ ಅಕ್ಟೋಬರಿನಲ್ಲಿ ಪೆಟ್ರೋಲ್ ಬಂಕುಗಳಲ್ಲಿ ಅದರ ಮಾರಾಟಕ್ಕೆ ಅಂದಿನ ಪೆಟ್ರೋಲಿಯಂ ಸಚಿವ ವೀರಪ್ಪ ಮೊಯಿಲಿಯವರು ಬೆಂಗಳೂರಿನಲ್ಲಿ ಚಾಲನೆ ನೀಡಿದರು. ಒಳ್ಳೆಯ ಯೋಚನೆ. ಆದರೆ ಹಾಗೆ ಬಂಕಿನಲ್ಲಿ ಸಿಗುವ ಸಿಲಿಂಡರಿಗೆ ಪೇಟೆಯ ಬೆಲೆ, ರಿಯಾಯಿತಿ ಇಲ್ಲ. ಮನೆ ವಿಳಾಸದ ದಾಖಲೆಯಿಲ್ಲದ ವಲಸೆ ಕಾರ್ಮಿಕನು ಕಿಲೋವೊಂದಕ್ಕೆ, ಬಂಗಲೆಯವನಿಗಿಂತ ಹೆಚ್ಚು ತೆತ್ತನು. ಬಿಡಿಯು ತುಟ್ಟಿ ಎಂಬ ಹಳೆಯ ನಿಯಮ ಇಲ್ಲಿಯೂ ತಪ್ಪಲಿಲ್ಲ.

2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲ ಯೋಜನೆ ಆರಂಭವಾಯಿತು. ಬಡಕುಟುಂಬದ ಮಹಿಳೆಯ ಹೆಸರಿನಲ್ಲಿ ಸಂಪರ್ಕ. ಅದಕ್ಕೆ ಸರಕಾರದಿಂದ 1,600 ರೂಪಾಯಿ. 2019ರ ಸೆಪ್ಟೆಂಬರಿಗೆ ಎಂಟು ಕೋಟಿ ಸಂಪರ್ಕಗಳು. ರಾಜಕೀಯ ಭಿನ್ನಾಭಿಪ್ರಾಯಗಳೇನೇ ಇರಲಿ, ಅಷ್ಟು ಅಲ್ಪಕಾಲದಲ್ಲಿ ಅಷ್ಟು ಮನೆಗಳ ಹೊಸ್ತಿಲು ದಾಟಿಸಿದ್ದು ಸಣ್ಣ ಮಾತಲ್ಲ. ಕರ್ನಾಟಕ ಸರಕಾರವೂ 2017ರಲ್ಲಿ ಅನಿಲಭಾಗ್ಯದ ಮೂಲಕ, ಉಜ್ವಲದಿಂದ ಹೊರಗುಳಿದವರಿಗೆ ಸಂಪರ್ಕ ಕೊಡಲು ಮುಂದಾಯಿತು. ಹೊಸ್ತಿಲಿನ ಇಡಿ ಬೆಲೆ ಹೀಗೆ ಮಾಯವಾಯಿತು. ಆದರೆ ಸಿಲಿಂಡರು ಖಾಲಿಯಾದ ದಿನ ಅದೇ ಇಡಿ ಬೆಲೆ ಮತ್ತೆ ಬಾಗಿಲಲ್ಲಿ ನಿಲ್ಲುತ್ತದೆ. 14.2 ಕಿಲೋ, ಅಷ್ಟಕ್ಕೂ ಒಟ್ಟಿಗೇ ಹಣ.

ಅಂಕಿಸಂಖ್ಯೆಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಸಾಮಾನ್ಯ ಕುಟುಂಬವೊಂದು ವರ್ಷಕ್ಕೆ ಆರೇಳು ಸಿಲಿಂಡರು ಬಳಸುವಾಗ, ಉಜ್ವಲ ಕುಟುಂಬದ ಸರಾಸರಿ 2019-20ರಲ್ಲಿ ಬರೀ ಮೂರು. ಮರುವರ್ಷ, ಕೋವಿಡ್ ಕಾಲದಲ್ಲಿ, ಮೂರು ಸಿಲಿಂಡರುಗಳನ್ನು ಉಚಿತವಾಗಿ ಕೊಡಲಾಯಿತು; ಸರಾಸರಿ 4.39ಕ್ಕೆ ಏರಿತು. ಉಚಿತ ನಿಂತ ಬಳಿಕ, 2021-22ರಲ್ಲಿ, 3.68ಕ್ಕೆ ಇಳಿಯಿತು. 2022ರ ಮೇ ತಿಂಗಳಲ್ಲಿ ಸಿಲಿಂಡರಿನ ಬೆಲೆ ಸಾವಿರ ರೂಪಾಯಿ ದಾಟಿತು. ಅದೇ ತಿಂಗಳು ಉಜ್ವಲದವರಿಗೆ 200 ರೂಪಾಯಿ ರಿಯಾಯಿತಿಯನ್ನು ಘೋಷಿಸಲಾಯಿತು, 2023ರ ಅಕ್ಟೋಬರಿನಲ್ಲಿ ಅದು 300 ಆಯಿತು. ರಿಯಾಯಿತಿಯ ಹಣ ಬ್ಯಾಂಕಿನ ಖಾತೆಗೆ ಆಮೇಲೆ ಬರುತ್ತದೆ. ಮೊದಲು ಪೂರ್ತಿ ಹಣ ಎಣಿಸಿದವರಿಗಷ್ಟೇ ಬರುತ್ತದೆ.

ಬಡವರಿಗೆ ಸೌದೆ ಒಲೆಯ ರುಚಿಯೇ ಇಷ್ಟ, ಹಳೆಯ ಅಭ್ಯಾಸ ಬಿಡರು ಎನ್ನುವವರಿದ್ದಾರೆ. ಈ ಮಾತನ್ನು ನಾನು ಕೇಳಿದ್ದು ಹೆಚ್ಚಾಗಿ ಗ್ಯಾಸಿನಲ್ಲಿ ಅಡಿಗೆ ಮಾಡುವವರ ಬಾಯಿಂದಲೇ. ಅವರಲ್ಲಿ ಕೆಲವರು ರಜೆಯಲ್ಲಿ ರೆಸಾರ್ಟುಗಳಿಗೆ ಹೋಗಿ ಸೌದೆ ಒಲೆಯ ಊಟಕ್ಕೆ ಹೆಚ್ಚಿನ ಹಣ ಕೊಟ್ಟು ಬಂದವರು. ರೊಟ್ಟಿಗೆ, ಕುಚ್ಚಲಕ್ಕಿ ಅನ್ನಕ್ಕೆ, ಸ್ನಾನದ ನೀರಿಗೆ ಸೌದೆಯೇ ಅನುಕೂಲವೆಂಬುದು ನಿಜ. ಆದರೆ ಉಚಿತ ಸಿಕ್ಕ ವರ್ಷ ಏರಿ, ಮರುವರ್ಷ ಇಳಿದ ಅಂಕಿಗಳನ್ನು ಅಭ್ಯಾಸದಿಂದ ವಿವರಿಸಲಾಗದು. ಮುಚ್ಚಿದ ಅಡಿಗೆಕೋಣೆಯ ಹೊಗೆಯನ್ನು ಅಮೆರಿಕದ ಕರ್ಕ್ ಸ್ಮಿತ್ ಅವರು 1980ರ ದಶಕದ ಆರಂಭದಲ್ಲೇ ಗುಜರಾತಿನ ಹಳ್ಳಿಗಳಲ್ಲಿ ಅಳೆದು, ಅದು ಹೆಂಗಸರ ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಜಗತ್ತಿಗೆ ತಿಳಿಸಿದ್ದರು. ಕೆಮ್ಮುವವಳಿಗೆ ಅದನ್ನು ಯಾರೂ ತಿಳಿಸಬೇಕಾಗಿಲ್ಲ.

ಇನ್ನು ಇಂದಿನ ಹಸಿರು ಬದುಕಿನ ಮಾತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಡಿನ ಮೇಲೆ ಮೂರು ಕಿಲೋವಾಟಿನ ಸೌರಫಲಕ ಹಾಕಿಸಿದವರಿಗೆ 78,000 ರೂಪಾಯಿವರೆಗೆ ಸಹಾಯಧನ. ಫಲಕ ಅಳವಡಿಸಿ, ಪರಿಶೀಲನೆ ಮುಗಿದ ಬಳಿಕ ಹಣ ಖಾತೆಗೆ. ಯೋಜನೆ ಒಳ್ಳೆಯದು, ನಮ್ಮಲ್ಲಿ ಅನೇಕರು ಹಾಕಿಸಿಕೊಂಡಿದ್ದೇವೆ, ಬಿಲ್ಲು ಇಳಿದದ್ದನ್ನು ಸಂತೋಷದಿಂದ ಹೇಳಿಕೊಳ್ಳುತ್ತೇವೆ. ಆದರೆ ಅದಕ್ಕೆ ಸ್ವಂತ ಮಾಡು ಬೇಕು. ಬಾಡಿಗೆ ಮನೆಯವನಿಗೆ ಮಾಡಿಲ್ಲ. ಶೀಟಿನ ಮನೆಯ ಮಾಡು ಭಾರ ಹೊರಲಾರದು. ವಿದ್ಯುತ್ ಸ್ಕೂಟರಿನ ಓಡಾಟದ ಖರ್ಚು ಪೆಟ್ರೋಲಿನದಕ್ಕಿಂತ ಬಹಳ ಕಡಿಮೆ, ಆದರೆ ಕೊಳ್ಳುವ ದಿನದ ಬೆಲೆ ಹೆಚ್ಚು; 2023ರ ಜೂನಿನಲ್ಲಿ ಅದರ ಸಹಾಯಧನದ ಮಿತಿಯನ್ನು ಬೆಲೆಯ ಶೇಕಡಾ 40ರಿಂದ 15ಕ್ಕೆ ಇಳಿಸಲಾಯಿತು. ಹಳೆಯ ಬೈಕಿಗೆ ನೂರು ರೂಪಾಯಿಯ ಪೆಟ್ರೋಲನ್ನು ದಿನವೂ ಹಾಕಿಸಿಕೊಳ್ಳುವ ಗಾರೆಕೆಲಸದ ಯುವಕನನ್ನು ಬಂಕಿನಲ್ಲಿ ನೋಡಿದಾಗಲೆಲ್ಲ ನನಗೆ ಹಗ್ಗ ಕಟ್ಟಿದ ಸೀಮೆಎಣ್ಣೆಯ ಸೀಸೆ ಜ್ಞಾಪಕಕ್ಕೆ ಬರುತ್ತದೆ. ಪರಿಸರದ ಬಗೆಗೆ ಅವನಿಗೆ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಒಟ್ಟು ಲೆಕ್ಕ ಹಾಕಿದರೆ ಭೂಮಿಯ ಮೇಲೆ ಅವನ ಮನೆ ಹೊರಿಸುವ ಹೊರೆ ನನ್ನ ಮನೆಯದಕ್ಕಿಂತ ಹಗುರವೇ ಇದ್ದೀತು.

2024ರಲ್ಲಿ ನಮ್ಮ ವಾರ್ಡಿನ ಸ್ವಸಹಾಯ ಗುಂಪೊಂದರ ಲೆಕ್ಕಪುಸ್ತಕವನ್ನು ನೋಡುವ ಅವಕಾಶ ನನಗೆ ಒದಗಿತು. ಹನ್ನೆರಡು ಮಂದಿ, ಬಹುತೇಕರು ಮನೆಗೆಲಸಕ್ಕೆ ಹೋಗುವವರು, ಇಬ್ಬರು ಬೀಡಿ ಕಟ್ಟುವವರು. ಎಲ್ಲರ ಮನೆಯಲ್ಲೂ ಉಜ್ವಲದ ಸಿಲಿಂಡರಿತ್ತು. ಹೆಚ್ಚಿನವು ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿದ್ದವು. ಒಬ್ಬಾಕೆ ಸೂಚಿಸಿದಂತೆ ಅವರು ದಿನಕ್ಕೆ ಹತ್ತು ರೂಪಾಯಿ, ವಾರಕ್ಕೆ ಎಪ್ಪತ್ತು ಕೂಡಿಡತೊಡಗಿದರು. ಹನ್ನೆರಡು ಎಪ್ಪತ್ತಲೆ ಎಂಟುನೂರ ನಲವತ್ತು. ಆಗ ಸಿಲಿಂಡರಿನ ಬೆಲೆ ಎಂಟುನೂರರ ಮೇಲೆ ಕೆಲವೇ ರೂಪಾಯಿ. ವಾರಕ್ಕೊಬ್ಬರ ಮನೆಗೆ ಸಿಲಿಂಡರು ಬರುತ್ತದೆ. ಖಾತೆಗೆ ಬರುವ ರಿಯಾಯಿತಿಯ ಮುನ್ನೂರನ್ನು ಅವರು ಮತ್ತೆ ಗುಂಪಿಗೇ ತಂದುಕೊಡುತ್ತಾರೆ, ಅದು ಸೇರಿ ನಡುನಡುವೆ ಒಂದು ಹೆಚ್ಚಿನ ಸಿಲಿಂಡರೂ ಸಿಗುತ್ತದೆ. ಆ ಪುಸ್ತಕದಲ್ಲಿ ಪ್ರತಿ ವಾರದ ಕೊನೆಯ ಸಾಲಿನಲ್ಲಿ ಮಿಕ್ಕ ಚಿಲ್ಲರೆಯ ಲೆಕ್ಕವಿತ್ತು. ಅದೇನೆಂದು ಕೇಳಿದೆ. ಓಣಿಯ ಮೆಟ್ಟಿಲುಗಳ ಮೇಲೆ ಸಿಲಿಂಡರನ್ನು ಹೊತ್ತು ತರುವ ಹುಡುಗನಿಗಂತೆ.